ಪ್ಲೈವುಡ್ ದೋಣಿಯ ಎರಡು ಬದಿಗಳು ಮುಂತುದಿಯಲ್ಲಿ ಸರಿಯಾಗಿ ಕೂಡದಿದ್ದರೆ ಏನು ಮಾಡಬೇಕು?

ಉದ್ಯಾವರ ಹೊಳೆಯಲ್ಲಿ ಬಳಸಲು 6 ಮಿ.ಮೀ. ಪ್ಲೈವುಡ್‌ನಿಂದ 12 ಅಡಿಯ ದೋಣಿ ಕಟ್ಟುತ್ತಿದ್ದೀರಿ. ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದ ಮೇಲೆ ಮುಂತುದಿಯಲ್ಲಿ ಎಡ ಹಲಗೆಯ ಮೇಲಂಚು ಬಲ ಹಲಗೆಗಿಂತ ಸುಮಾರು 1 ಸೆಂ.ಮೀ. ಕೆಳಗೆ ನಿಂತಿದೆ, ನಡುವಿನ ಫ್ರೇಮ್ (ಬದಿಗಳ ನಡುವೆ ಅಡ್ಡಲಾಗಿ ನಿಲ್ಲುವ ಚೌಕಟ್ಟು) ಕೂಡ ಒಂದು ಬದಿಯಲ್ಲಿ ಕೂರುತ್ತಿಲ್ಲ, ಹಾಗಾಗಿ ಬಲ ಹಲಗೆಯನ್ನು ಕೀಸಿ ಸಮ ಮಾಡಬಹುದೇ ಎಂದು ಕೇಳಿದ್ದೀರಿ. ಈಗಲೇ ಕೀಸಬೇಡಿ. ಮುಂತುದಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಕಾರಣ ಸಾಮಾನ್ಯವಾಗಿ ಅಲ್ಲಿಂದ ಹಲವು ಅಡಿ ಹಿಂದೆ ಇರುತ್ತದೆ. ಅದನ್ನು ಕಂಡುಕೊಳ್ಳದೆ ತುದಿಯನ್ನು ಕೀಸಿದರೆ ಅಂಚು ಸಮನಾಗಿ ಕಾಣುತ್ತದೆಯೇ ಹೊರತು ದೋಣಿಯ ತಿರುಚು ಹಾಗೆಯೇ ಉಳಿಯುತ್ತದೆ, ಮತ್ತು ಅಂಥ ದೋಣಿ ಹುಟ್ಟು ಹಾಕಿದಾಗ ಸದಾ ಒಂದೇ ಬದಿಗೆ ಎಳೆಯುತ್ತದೆ.

ನನ್ನ ಮೊದಲ ಅನುಮಾನ ಹಲಗೆಯ ಉದ್ದದ ಜೋಡಣೆಯ ಮೇಲೆ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ 8 ಅಡಿ ಉದ್ದದ್ದಾದುದರಿಂದ 12 ಅಡಿಯ ಬದಿಗೆ ನೀವು ಎಲ್ಲೋ ಒಂದು ಕಡೆ ಎರಡು ತುಂಡುಗಳನ್ನು ಸೇರಿಸಿರಲೇಬೇಕು. 400 ಮಿ.ಮೀ. ಅಗಲದ ಹಲಗೆಯ ಜೋಡಣೆಯಲ್ಲಿ ಒಂದು ಅಂಚು ಕೇವಲ 2 ಮಿ.ಮೀ. ತೆರೆದುಕೊಂಡಿದ್ದರೂ, ಅಲ್ಲಿಂದ 8 ಅಡಿ ದೂರದ ತುದಿ ಸುಮಾರು 12 ಮಿ.ಮೀ. ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ; ನೀವು ಹೇಳಿದ ಅಳತೆ ಇದಕ್ಕೆ ಬಹಳ ಹತ್ತಿರದಲ್ಲಿದೆ. ಆದ್ದರಿಂದ ತಂತಿಗಳನ್ನೆಲ್ಲ ಬಿಚ್ಚಿ, ಎರಡೂ ಬದಿ ಹಲಗೆಗಳನ್ನು ನೆಲದ ಮೇಲೆ ಒಂದರ ಮೇಲೊಂದು ಮಲಗಿಸಿ, ಜೋಡಣೆಗಿಂತ ಹಿಂದಿನ ಭಾಗವನ್ನು ಸರಿಯಾಗಿ ಹೊಂದಿಸಿ ಮುಂದಿನ ತುದಿ ಎಲ್ಲಿಗೆ ಬರುತ್ತದೆ ನೋಡಿ. ವ್ಯತ್ಯಾಸ 2–3 ಮಿ.ಮೀ. ಮಾತ್ರ ಇದ್ದರೆ ಎರಡನ್ನೂ ಕ್ಲ್ಯಾಂಪ್ ಹಾಕಿ ಬಿಗಿದು, ಒಟ್ಟಿಗೇ ಕೀಸುಳಿ ಹಾಕಿ ಒಂದೇ ಆಕಾರಕ್ಕೆ ತನ್ನಿ. ಹೆಚ್ಚಿದ್ದರೆ ತಪ್ಪಿದ ಹಲಗೆಯನ್ನು ಜೋಡಣೆಯ ಗೆರೆಯಲ್ಲೇ ಕೊಯ್ದು, ಮತ್ತೊಂದು ಹಲಗೆಯನ್ನೇ ಅಚ್ಚಾಗಿ ಕೆಳಗಿಟ್ಟು, ಒಳಬದಿಗೆ ಅದೇ ಪ್ಲೈವುಡ್‌ನ ಪಟ್ಟಿ ಅಂಟಿಸಿ ಮತ್ತೆ ಸೇರಿಸಿ. ಒಂದು ಸಂಜೆಯ ಕೆಲಸವಷ್ಟೇ, ಮನಸ್ಸಿಗೆ ಮಾತ್ರ ಸ್ವಲ್ಪ ಕಷ್ಟವಾಗುತ್ತದೆ.

ಎರಡು ಹಲಗೆಗಳೂ ಒಂದೇ ಆಗಿದ್ದರೆ ದೋಷ ಫ್ರೇಮ್‌ನಲ್ಲಿದೆ. ಪ್ಲೈವುಡ್‌ನ ಅಂಚಿನಿಂದ ಅಳೆಯುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಮುಂತುದಿಯಿಂದ ಹಿಂಬದಿ ಹಲಗೆಯ ನಡುಬಿಂದುವಿಗೆ ಬಿಗಿಯಾಗಿ ದಾರ ಕಟ್ಟಿ, ಅದರಿಂದ ತೂಗುಗುಂಡು ಇಳಿಬಿಟ್ಟು, ಪ್ರತಿ ಫ್ರೇಮ್‌ನ ನಡುಗೆರೆ ಅದರಡಿಯಲ್ಲಿ ಬರುತ್ತದೆಯೇ ಎಂದು ನೋಡಬೇಕು. ಆಮೇಲೆ ಮುಂತುದಿಯಿಂದ ನಡುಫ್ರೇಮ್‌ನ ಎಡ ಮತ್ತು ಬಲ ತುದಿಗಳಿಗೆ ಟೇಪ್ ಹಿಡಿದರೆ ಎರಡೂ ಅಳತೆ ಒಂದೇ ಇರಬೇಕು. ಇಲ್ಲದಿದ್ದರೆ ಫ್ರೇಮ್ ಓರೆಯಾಗಿ ನಿಂತಿದೆ ಎಂದರ್ಥ. ತಿರುಚು ಕಾಣಬೇಕಾದರೆ ಮುಂದೊಂದು ಹಿಂದೊಂದು ನೇರವಾದ ರೀಪನ್ನು ಮೇಲಂಚುಗಳ ಮೇಲೆ ಅಡ್ಡಲಾಗಿ ಇಟ್ಟು, ಹಿಂದೆ ಕುಳಿತು ಒಂದರ ಮೇಲಿಂದ ಇನ್ನೊಂದನ್ನು ದಿಟ್ಟಿಸಿ. ಗಾರೆಯವರು ಬಳಸುವ ನೀರಿನ ಟ್ಯೂಬ್ ಲೆವೆಲ್ ಇದ್ದರೆ ಇನ್ನೂ ನಿಖರವಾಗಿ ತಿಳಿಯುತ್ತದೆ. ಅಂಗಳದ ನೆಲ ಸಮವಾಗಿಲ್ಲದಿದ್ದರೂ ಅಡ್ಡಿಯಿಲ್ಲ, ದೋಣಿ ಕೂತಿರುವ ಮರದ ಆಧಾರಗಳು ಸಮವಾಗಿದ್ದರೆ ಸಾಕು.

ಫ್ರೇಮ್ ಒಂದೇ ಬದಿಯಲ್ಲಿ ಕೂರದಿರುವುದಕ್ಕೆ ಇನ್ನೂ ಒಂದು ಕಾರಣವಿದೆ, ಇದನ್ನು ನಕ್ಷೆಗಳು ಸ್ಪಷ್ಟವಾಗಿ ಹೇಳುವುದಿಲ್ಲ. ದೋಣಿಯ ಬದಿ ಮುಂದಕ್ಕೆ ಹೋದಂತೆ ಒಳಕ್ಕೆ ಬಾಗುವುದರಿಂದ ಹಲಗೆ ಫ್ರೇಮ್‌ನ ಅಂಚಿಗೆ ನೇರವಾಗಿ ಅಲ್ಲ, ಓರೆಯಾಗಿ ತಾಗುತ್ತದೆ. ಮೂಲೆಮಟ್ಟ ಹಿಡಿದು ಚೌಕವಾಗಿ ಕತ್ತರಿಸಿದ ಫ್ರೇಮ್, ನಕ್ಷೆಯಲ್ಲಿ ಅದರ ಜಾಗ ತೋರಿಸುವ ಗೆರೆಯಿಂದ ಮುಂತುದಿಯ ಕಡೆಗೆ ನಿಂತಿದ್ದರೆ, ಅದರ ಮುಂದಿನ ಮೂಲೆ ಹಲಗೆಯನ್ನು ಹೊರಕ್ಕೆ ತಳ್ಳುತ್ತದೆ. ಅಂಥಲ್ಲಿ ಆ ಮೂಲೆಯನ್ನು ಓರೆಯಾಗಿ ಕೀಸಿ ತೆಗೆಯಬೇಕು, ಇಲ್ಲವೇ ಫ್ರೇಮ್‌ನ ದಪ್ಪ ಗೆರೆಯಿಂದ ದೋಣಿಯ ನಡುಭಾಗದ ಕಡೆಗೆ ಬರುವಂತೆ ಇಡಬೇಕು. ಎಷ್ಟು ಕೀಸಬೇಕೆಂಬುದನ್ನು ತೆಳುವಾದ, ಗಂಟಿಲ್ಲದ ಮರದ ಪಟ್ಟಿಯೊಂದನ್ನು ಎಲ್ಲ ಫ್ರೇಮ್‌ಗಳ ಮೇಲೆ ಹಾಯಿಸಿದರೆ ಅದೇ ತೋರಿಸಿಕೊಡುತ್ತದೆ.

ಮತ್ತೆ ಹೊಲಿಯುವಾಗ ಎಲ್ಲ ತಂತಿಗಳನ್ನೂ ಮೊದಲು ಸಡಿಲವಾಗಿ ಹಾಕಿ, ನಡುವಿನಿಂದ ಎರಡೂ ತುದಿಗಳ ಕಡೆಗೆ, ಎಡ ಬಲ ಸರದಿಯಲ್ಲಿ ಬಿಗಿಯಿರಿ. ಒಂದೇ ಬದಿಯನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಕೈಹಾಕಿದರೆ ದೋಣಿ ತಿರುಚಿಕೊಳ್ಳುತ್ತದೆ. ಹಲಗೆಗಳ ನಡುವೆ ಅಲ್ಲಲ್ಲಿ 2–3 ಮಿ.ಮೀ. ಬಿರುಕು ಉಳಿದರೆ ಚಿಂತಿಸಬೇಡಿ. ಮರದ ಹುಡಿ ಬೆರೆಸಿದ ಎಪಾಕ್ಸಿ ಅಂಟು ಅದನ್ನು ತುಂಬುತ್ತದೆ, ಈ ಬಗೆಯ ದೋಣಿಗೆ ಬಲ ಬರುವುದು ಆ ತುಂಬುವಿಕೆ ಮತ್ತು ಅದರ ಮೇಲೆ ಅಂಟಿಸುವ ಫೈಬರ್‌ಗ್ಲಾಸ್ ಪಟ್ಟಿಯಿಂದಲೇ. ಹೆಬ್ಬಲಸಿನ ಹಲಗೆಯ ಸಾಂಪ್ರದಾಯಿಕ ದೋಣಿಯಲ್ಲಾದರೆ ಇಷ್ಟು ಸಡಿಲವನ್ನು ನಾನು ಒಪ್ಪುತ್ತಿರಲಿಲ್ಲ.

ಮಳೆಗಾಲದಲ್ಲಿ ಎಪಾಕ್ಸಿ ಹಚ್ಚುವುದಾದರೆ ನಮ್ಮ ಕರಾವಳಿಯ ತೇವಕ್ಕೆ ಅದರ ಮೇಲೆ ಮೇಣದಂಥ ಜಿಡ್ಡು ಮೂಡುತ್ತದೆ. ಮುಂದಿನ ಪದರಕ್ಕೆ ಮುನ್ನ ನೀರಿನಿಂದ ಉಜ್ಜಿ ತೊಳೆದು ಒಣಗಿಸಿ. ಮಲ್ಪೆಯ ಬಡಗಿಯೊಬ್ಬರಿಗೆ ತೋರಿಸಬೇಕೆಂದಿದ್ದರೆ ಮೊದಲೇ ಮಾತನಾಡಿಕೊಳ್ಳಿ, ಏಕೆಂದರೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಅವರು ದುರಸ್ತಿಯಲ್ಲಿ ಮುಳುಗಿರುತ್ತಾರೆ. ಮೊದಲು ತಂತಿಗಳ ನಡುವೆ ಮಾತ್ರ ಅಲ್ಲಲ್ಲಿ ಎಪಾಕ್ಸಿ ಇಟ್ಟು, ಅದು ಗಟ್ಟಿಯಾಗುವ ಮುನ್ನ ಮುಂತುದಿಯಿಂದ ಫ್ರೇಮ್‌ನ ತುದಿಗಳಿಗೆ ಹಿಡಿದ ಅಳತೆಗಳನ್ನೂ ರೀಪುಗಳನ್ನೂ ಇನ್ನೊಮ್ಮೆ ನೋಡಿ. ಉದ್ದಕ್ಕೂ ತುಂಬಿದ ಮೇಲೆ ತಿರುಚನ್ನು ಬಿಡಿಸಲು ಗರಗಸವಲ್ಲದೆ ಬೇರೆ ದಾರಿಯಿಲ್ಲ.