ಪವರ್‌ಫುಲ್ ಔಷಧಿ ಬಿಡಿ, ಮೊದಲು ಕುರಿ ತೂಗಿ

ನಿಮ್ಮ 40 ಬನ್ನೂರು ಕುರಿಗಳಿಗೆ ಎರಡು ತಿಂಗಳಿಗೊಮ್ಮೆ ಜಂತಿನ ಔಷಧಿ ಕುಡಿಸಿದರೂ ಗದ್ದ ಊದುತ್ತಿದೆ, ಇನ್ನೂ ಪವರ್‌ಫುಲ್ ಔಷಧಿ ಯಾವುದು ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳ್ತಾ ಮೆಡಿಕಲ್ ಶಾಪ್ ಸುತ್ತಿದವನೇ.

ಆ ಸಲ ಮಳೆ ಹಿಡಿದ ಮೇಲೆ ಮೂರೇ ವಾರದಲ್ಲಿ ಏಳು ಕುರಿ ಹೋದವು. ಭೇದಿ ಇರಲಿಲ್ಲ, ಹಿಕ್ಕೆ ಗಟ್ಟಿಯಾಗೇ ಬೀಳ್ತಿತ್ತು, ಹಂಗಾಗಿ ಜಂತು ಅಂತ ತಲೆಗೇ ಹೊಳೀಲಿಲ್ಲ. ಡಾಕ್ಟರು ಸತ್ತ ಕುರಿ ಕೊಯ್ದು ನಾಲ್ಕನೇ ಹೊಟ್ಟೆ ಬಿಡಿಸಿದರು. ಒಳಗೆ ಕೆಂಪು ಬಿಳಿ ಹುರಿ ಹೊಸೆದ ದಾರದಂಥ ಹುಳು, ಲೆಕ್ಕವಿಲ್ಲದಷ್ಟು. ರಕ್ತ ಹೀರೋ ಹೀಮಾಂಕಸ್ ಅಂತೆ.

"ಔಷಧಿ ಕೊಟ್ಟು ಹದಿನೈದು ದಿನ ಆಗಿಲ್ಲ ಸಾರ್."
"ಎಷ್ಟು ಕೊಟ್ರಿ?"
"ತಲೆಗೆ 5 ಎಂಎಲ್."
"ತೂಗಿದ್ರಾ?"

ತೂಗಿರಲಿಲ್ಲ. ಕಣ್ಣಳತೆಯಲ್ಲಿ ಎಲ್ಲಾ 18-20 ಕೆಜಿ ಅನ್ಕೊಂಡಿದ್ದೆ. ಆಮೇಲೆ ತಕ್ಕಡಿಗೆ ನೇತುಹಾಕಿದರೆ ದೊಡ್ಡ ಕುರಿ 34 ಕೆಜಿ! ನಾನು ಕುಡಿಸ್ತಿದ್ದ ಔಷಧಿ ಆಲ್ಬೆಂಡಜೋಲ್, ಕೆಜಿಗೆ 7.5 ಮಿಲಿಗ್ರಾಂ ಅಂದ್ರೆ, ಎಂಎಲ್‌ಗೆ 25 ಮಿಲಿಗ್ರಾಂ ಇರೋ ಬಾಟಲಿಯಲ್ಲಿ ಅದಕ್ಕೆ 10 ಎಂಎಲ್‌ಗಿಂತ ಚೂರು ಜಾಸ್ತೀನೇ ಬೇಕು. ನಾನು ಕೊಟ್ಟಿದ್ದು ಅರ್ಧವೂ ಅಲ್ಲ. ಅರ್ಧ ಡೋಸಿಗೆ ಸಾಯೋದು ಬಡಪಾಯಿ ಹುಳು. ತಡ್ಕೊಂಡಿದ್ದು ಉಳಿದು, ಒಂದೊಂದು ಹೆಣ್ಣೂ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ, ಅದೇ ಸಂತಾನ ಹುಲ್ಲಿನ ಮೇಲೆ ಹತ್ತುತ್ತೆ, ಮತ್ತೆ ಅದೇ ಕುರಿ ಬಾಯಿಗೆ. ಹೀಗೆ ನಾಲ್ಕು ವರ್ಷ, ಎರಡೆರಡು ತಿಂಗಳಿಗೆ. ಅಂಗಡಿಯವನು 'ಬೇರೆ ಔಷಧಿ' ಅಂತ ಫೆನ್‌ಬೆಂಡಜೋಲ್ ಕೊಟ್ಟ. ಹೆಸರು ಬೇರೆ, ವಂಶ ಒಂದೇ. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ, ಬೇಜಾರಾಗ್ಬೇಡಿ. ಗದ್ದ ಊದಿರೋದನ್ನ ಇವತ್ತೇ ಡಾಕ್ಟರಿಗೆ ತೋರಿಸಿ, ಅದಕ್ಕೆ ರಕ್ತವೇ ಉಳಿದಿರಲ್ಲ. ಲೆವಮಿಸೋಲ್ ಅನ್ನೋ ಜಂತಿನ ಔಷಧಿ ಬೇರೆ ಗುಂಪಿನದು, ಆದ್ರೆ ಡೋಸ್ ಹೆಚ್ಚಾದ್ರೆ ವಿಷ, ಅವರನ್ನ ಕೇಳದೆ ಮುಟ್ಟಬೇಡಿ. ಗಬ್ಬದ ಕುರಿಗಳಿದ್ರೆ ಅದನ್ನೂ ಮೊದಲೇ ಹೇಳಿ. ಕುಡಿಸೋ ದಿನ ಹಿಕ್ಕೆ ಪರೀಕ್ಷೆ ಮಾಡಿಸಿ, ಎರಡು ವಾರ ಬಿಟ್ಟು ಇನ್ನೊಮ್ಮೆ. ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಇಳಿದಿಲ್ಲ ಅಂದ್ರೆ ಆ ಬಾಟಲಿ ಸಹವಾಸ ಸಾಕು. ಇಬ್ಬನಿ ಆರೋವರೆಗೂ ಕೆರೆ ಅಂಗಳಕ್ಕೆ ಬಿಡಬೇಡಿ.

ಇನ್ನು ಎಲ್ಲಕ್ಕೂ ಒಂದೇ ದಿನ ಕುಡಿಸೋ ಹಬ್ಬ ನಿಲ್ಲಿಸಿ. ನಾನೀಗ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಕೆಳರೆಪ್ಪೆ ಎಳೆದು ನೋಡ್ತೀನಿ, ಒಳಗೆ ಬಿಳಚಿದ್ರೆ ಆ ಕುರಿಗೆ ಮಾತ್ರ ಔಷಧಿ, ಅದೂ ತೂಗಿ. ತಕ್ಕಡಿ ಕೊಟ್ಟಿಗೆ ತೊಲೆಗೇ ನೇತಾಡ್ತಿದೆ.