ಕಾರ್ಗಿಲ್ ಸಮಯದಲ್ಲಿ ಗೆಳೆಯ ನನಗೆ ಬರೆದ ಪತ್ರವನ್ನು ಶಾಲೆಗೆ ಕೊಡಲೇ, ಮ್ಯೂಸಿಯಂಗೆ ಕೊಡಲೇ?

ಎರಡಕ್ಕೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನನಗೂ ಅಂಥದ್ದೇ ಒಂದು ಇನ್‌ಲ್ಯಾಂಡ್ ಲೆಟರ್ ಬಂದಿತ್ತು, 1999ರಲ್ಲಿ. ಬರೆದವನು ಪಕ್ಕದ ಮನೆಯವನು, ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ಮಿಲಿಟರಿಯಲ್ಲಿ ಲಾರಿ ಡ್ರೈವರ್. ಸೇರುವ ಮೊದಲು ತೀರ್ಥಹಳ್ಳಿಯಲ್ಲಿ 407 ಲಾರಿ ಓಡಿಸುತ್ತಿದ್ದ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಇಳಿಸುವಾಗಲೂ ಬಾಯಲ್ಲಿ ಎಲೆಯಡಿಕೆ ಇರುತ್ತಿತ್ತು.

ಪತ್ರದ ತಾರೀಖು ಜೂನ್ 9. ನನ್ನ ಕೈಗೆ ಬಂದಾಗ ಆರಿದ್ರ ಮಳೆ ಹಿಡಿದಿತ್ತು. ಅಷ್ಟರಲ್ಲಿ ತೊಲೊಲಿಂಗ್ ನಮ್ಮವರ ಕೈಗೆ ವಾಪಸ್ ಬಂದಾಗಿತ್ತು (ಜೂನ್ 13ಕ್ಕೆ). ಆದರೆ ಅವನು ಬರೆಯುವಾಗ ಆ ಗುಡ್ಡದ ಮೇಲೆ ಶತ್ರುಗಳೇ ಇದ್ದರು. ಅಲ್ಲಿಂದ ನೋಡಿದರೆ ಶ್ರೀನಗರ–ಲೇಹ್ ರಸ್ತೆ ಅಂಗೈಯಷ್ಟು ಸ್ಪಷ್ಟ. ಹಾಗಾಗಿ ದ್ರಾಸ್ ದಾಟುವ ಗಾಡಿಗಳು ರಾತ್ರಿ ಹೊತ್ತು, ಲೈಟ್ ಹಾಕದೆ ಹೋಗಬೇಕಿತ್ತು. ಇವನ ಲಾರಿಯಲ್ಲಿ ಬೊಫೋರ್ಸ್ ಫಿರಂಗಿಯ ಗುಂಡುಗಳು. ಒಂದೊಂದೂ 40 ಕೆಜಿಗಿಂತ ಜಾಸ್ತಿ. ‘ಆಗುಂಬೆ ಮಂಜು ಇಲ್ಲಿ ಕೆಲಸಕ್ಕೆ ಬಂತು ಮಾರಾಯ’ ಅಂತ ಬರೆದಿದ್ದ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದಾಯ್ತಾ, ಹತ್ತುಮೀನು (ಮಳೆ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಸಿಕ್ಕಿತಾ ಅಂತಲೂ ಕೇಳಿದ್ದ.

ಕೊನೆಯ ಮಡಿಕೆಯಲ್ಲಿ, ಅಂಟಿಸುವ ಜಾಗದ ಹತ್ತಿರ, ಸಣ್ಣ ಅಕ್ಷರದಲ್ಲಿ ಬೇರೆಯದೇ ಇತ್ತು. ಒಂದು ರಾತ್ರಿ ಮುಂದಿನ ಗಾಡಿಯ ಹತ್ತಿರವೇ ಶೆಲ್ ಬಿದ್ದಿದೆ. ಇವನು ಲಾರಿ ಬಿಟ್ಟು ಓಡಿ ಮೋರಿಯ ಕೆಳಗೆ ಕೂತಿದ್ದಾನೆ. ಉಚ್ಚೆ ಹೋದದ್ದೂ ಗೊತ್ತಾಗಲಿಲ್ಲವಂತೆ. ಬೇರೆ ಗಾಡಿಯವರು ಬಂದು ರಟ್ಟೆ ಹಿಡಿದು ಎಬ್ಬಿಸಿದ್ದಾರೆ. ಆಮೇಲೆ ಅದೇ ಲಾರಿ ಓಡಿಸಿದ್ದಾನೆ. ಕೆಳಗೆ ಇನ್ನೊಂದು ಸಾಲು: ‘ಅಮ್ಮನಿಗೆ ಪಠಾಣ್‌ಕೋಟ್‌ನಲ್ಲಿದ್ದೇನೆ ಅಂತ ಬರೆದಿದ್ದೇನೆ. ನೀನೂ ಹಾಗೇ ಹೇಳು.’

ಪಠಾಣ್‌ಕೋಟ್ ಇರುವುದು ಪಂಜಾಬಿನಲ್ಲಿ, ಕಾರ್ಗಿಲ್‌ನಿಂದ ದೂರ. ಆ ಸುಳ್ಳು ನಡೆಯುತ್ತಿತ್ತು. ಮಿಲಿಟರಿ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲವಲ್ಲ. ನಂಬರ್, ಹೆಸರು, ಯುನಿಟ್, ಕೊನೆಗೆ 56 ಎಪಿಒ (ಸೇನೆಯ ಅಂಚೆ ಕಚೇರಿ), ಅಷ್ಟೇ.

ಈಗ ನನ್ನ ತಪ್ಪು. ಪತ್ರಿಕೆಯೊಂದರ ವರದಿಗಾರರು ‘ಯೋಧರ ಪತ್ರ ಇದ್ದರೆ ಕೊಡಿ’ ಅಂದರು. ಕೊಟ್ಟೆ. ಕೊಟ್ಟದ್ದೇ ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ನಾನು ಹುಷಾರಾಗಿಯೇ ಹೊರಟಿದ್ದೆ. ಮೊದಲ ಅರ್ಧವನ್ನು ಮಾತ್ರ ಜೆರಾಕ್ಸ್ ಮಾಡಿಸಿ ಕೊಡುವುದು ಅಂತ ಪೇಟೆಗೆ ಹೋದೆ. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಜೆರಾಕ್ಸ್ ಅಂಗಡಿ ಬಾಗಿಲು ಹಾಕಿತ್ತು. ಕೈಯಲ್ಲಿ ಬರೆದು ಕೊಡಬಹುದಿತ್ತು. ಪೆನ್ನು ಜೇಬಿನಲ್ಲೇ ಇತ್ತು, ಹತ್ತು ನಿಮಿಷದ ಕೆಲಸ. ಆದರೆ ಕೊನೆ ಬಸ್ ಹೊರಡುವುದರಲ್ಲಿತ್ತು. ಕೊನೆಯ ಮಡಿಕೆಯನ್ನು ಒಳಗೆ ಮಡಚಿ, ‘ಇಲ್ಲಿವರೆಗೆ ಮಾತ್ರ ಹಾಕಿ ಸಾರ್’ ಅಂತ ಮೂಲ ಪತ್ರವನ್ನೇ ಕೊಟ್ಟುಬಿಟ್ಟೆ. ಮಡಚಿದ್ದನ್ನು ಬಿಚ್ಚದೆ ಇರುತ್ತಾರಾ ಯಾರಾದರೂ? ಬಿಚ್ಚಬೇಡಿ ಅಂದದ್ದಕ್ಕೇ ಬಿಚ್ಚಿರುತ್ತಾರೆ. ಆ ಬಸ್ ತಪ್ಪಿಸಿಕೊಂಡು ನಡೆದುಕೊಂಡು ಬಂದಿದ್ದರೂ ಆಗುತ್ತಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಅಚ್ಚಾದದ್ದರಲ್ಲಿ ದ್ರಾಸ್ ಇತ್ತು. ಮೋರಿ ಇರಲಿಲ್ಲ. ಶೆಲ್ ಬಿದ್ದಾಗ ಎದೆಗುಂದದೆ ಗಾಡಿ ಓಡಿಸಿದ ಅಂತ ಇತ್ತು.

ಅವನಮ್ಮ ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿ ಯಾರೋ ಓದಿ ಹೇಳಿದ್ದಾರೆ. ನೇರ ನಮ್ಮ ಜಗಲಿಗೆ ಬಂದರು. ಕಂಬಳಿಕೊಪ್ಪೆಯನ್ನೂ ತೆಗೆಯಲಿಲ್ಲ. ‘ಪಠಾಣ್‌ಕೋಟು ಅಂದ್ಯಲ್ಲೋ?’ ಅಂದರು. ನಾನು ‘ಇಲ್ಲ ದೊಡ್ಡಮ್ಮ...’ ಅಂತ ಏನೋ ತೊದಲಿದೆ. ಯುದ್ಧ ಜುಲೈ 26ಕ್ಕೆ ಮುಗಿಯಿತು. ಅಲ್ಲಿಯವರೆಗೆ ಅವರು ನಮ್ಮನೆ ಮೆಟ್ಟಿಲು ಹತ್ತಲಿಲ್ಲ.

ಅವನು ರಜೆಗೆ ಬಂದದ್ದು ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ. ಊರವರು ಶಾಲು, ಹಾರ, ಹಣ್ಣಿನ ಬುಟ್ಟಿ ತಂದು ಸನ್ಮಾನ ಇಟ್ಟುಕೊಂಡರು. ಮೈಕಿನಲ್ಲಿ ಆ ಅಚ್ಚಾದ ಪತ್ರವನ್ನೇ ಓದಿದರು. ಚಪ್ಪಾಳೆ ಬೀಳುವಾಗ ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಕತ್ತಲಲ್ಲಿ ಒಂದೇ ಮಾತು ಹೇಳಿದ: ‘ಹೆದರಿದ್ದು ಹೇಳಕ್ಕೆ ನೀನೊಬ್ಬ ಇದ್ದೆ.’ ಮುಂದೆ ಆರು ವರ್ಷ ಮಾತಿಲ್ಲ. ಮೂಲ ಪತ್ರ ವಾಪಸ್ ಬರಲೇ ಇಲ್ಲ. ಎರಡು ಸಲ ಹೋಗಿ ಕೇಳಿದೆ, ‘ಇಲ್ಲೇ ಎಲ್ಲೋ ಇತ್ತು’ ಅಂದರು.

ಈಗ ನಿಮ್ಮ ವಿಷಯ. ಶಾಲೆಯವರು ಜುಲೈ 26ಕ್ಕೆ ಬೋರ್ಡಿಗೆ ಹಚ್ಚುತ್ತಾರೆ, ಮಕ್ಕಳು ಓದುತ್ತಾರೆ, ಸರಿ. ಮ್ಯೂಸಿಯಂ ಅಂದರೆ ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆಯದ್ದು ನೆನಪಾಗುತ್ತದೆ. ಅಲ್ಲಿನ ವೀರಗಲ್ಲುಗಳಲ್ಲಿ ಮೋರಿಯ ಕೆಳಗೆ ಕೂತವನು ಒಬ್ಬನೂ ನನಗೆ ಕಂಡಿಲ್ಲ. ಆದರೆ ಎಲ್ಲಿಗೆ ಕೊಡಬೇಕು ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಕಾಗದ ನಿಮ್ಮದಿರಬಹುದು, ಒಳಗಿರುವುದು ಅವರದ್ದು. ನಿಮ್ಮ ಗೆಳೆಯರು ಬದುಕಿದ್ದಾರೆ, ರಿಟೈರ್ ಆಗಿ ಭದ್ರಾವತಿಯಲ್ಲಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅವರನ್ನು ಕೇಳಿದ್ದೀರಾ? ಅದನ್ನು ಮಾತ್ರ ಬರೆದಿಲ್ಲ.

ಲ್ಯಾಮಿನೇಷನ್ ಮಾಡಿಸುತ್ತೇನೆ ಅಂದಿದ್ದೀರಲ್ಲ, ದಯವಿಟ್ಟು ಬೇಡ. ಬಿಸಿ, ಅಂಟು ಎರಡೂ ಹಳೆ ಕಾಗದಕ್ಕೆ ಆಗುವುದಿಲ್ಲ. ಒಮ್ಮೆ ಅಂಟಿಸಿದರೆ ಬಿಡಿಸಲು ಬರುವುದಿಲ್ಲ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಡಿ, ಕರೆಂಟ್ ಹೋದರೂ ಅಡ್ಡಿಯಿಲ್ಲ. ಪತ್ರವನ್ನು ಗೋಡೆ ಬದಿಯ ಕಪಾಟಿನಲ್ಲಿ ಇಡಬೇಡಿ, ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ.

ಫೋನ್ ಮಾಡಿ ಕೇಳಬೇಡಿ. ಫೋನಿನಲ್ಲಿ ಎಲ್ಲರೂ ‘ಅಯ್ಯೋ ಕೊಡಿ, ಪರವಾಗಿಲ್ಲ’ ಅಂತಲೇ ಹೇಳುವುದು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಾದೀತು, ಹತ್ತಿರವೇ ಅಲ್ವಾ? ಪತ್ರ ತೆಗೆದುಕೊಂಡೇ ಹೋಗಿ, ಅವರ ಕೈಗೆ ಕೊಡಿ, ಪೂರ್ತಿ ಓದಲಿ. ನೀವು ಸುಮ್ನೆ ಕೂತಿರಿ. ಮಳೆ ಇದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ.