ಬೆಂಗಳೂರಿನಿಂದ ಹೋಗಿ ಡಾಲ್ಫಿನ್ ನೋಡಿ, ಅವುಗಳ ಜೊತೆ ಈಜಬಹುದಾ?

ನೋಡಬಹುದು. ಜೊತೆಗೆ ಈಜುವುದು ಬೇಡ.

ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಗೋಕರ್ಣ, ಇಲ್ಲವೇ ಕಾರವಾರ. ಅಲ್ಲಿ ದಡಕ್ಕೆ ಹತ್ತಿರದಲ್ಲೇ, ಆಳ ಕಡಿಮೆ ಇರುವ ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಓಡಾಡುತ್ತವೆ. ಏಳೆಂಟು ಜನರ ಸಣ್ಣ ದೋಣಿ ಸಾಕು, ಗಲಾಟೆಯೂ ಕಡಿಮೆ. ಬೇಗ ಹೊರಡಿ, ಗಾಳಿ ಏಳುವ ಮುಂಚೆ ಕಡಲು ಶಾಂತವಾಗಿದ್ದರೆ ಬೆನ್ನಿನ ರೆಕ್ಕೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಸಿನಿಮಾದ ಹಾಗೆ ನೆಗೆಯುತ್ತವೆ ಅಂದುಕೊಳ್ಳಬೇಡಿ. ಹೆಚ್ಚಾಗಿ ಉಸಿರಿಗೆಂದು ಮೇಲೆ ಬಂದು ಮುಳುಗುತ್ತವೆ, ಅಷ್ಟೇ. ಸುಮ್ನೆ ಅಟ್ಟಿಸಿಕೊಂಡು ಹೋಗಬೇಡಿ ಎಂದು ದೋಣಿಯವರಿಗೆ ಮೊದಲೇ ಹೇಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಸಾಲಿನಲ್ಲೇ ಇವಕ್ಕೂ ರಕ್ಷಣೆ ಇದೆ.

ಈಜಲೇಬೇಕಾ? ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡಿ. ಮಳೆಗಾಲದಲ್ಲಿ ಮಾತ್ರ ಬೇಡ, ಕಡಲು ಜೋರಾಗಿರುತ್ತದೆ.